ಕೂಸು ಹುಟ್ಟುವ ಮುನ್ನ ಕುಲಾವಿ: ಬರಲಿರುವ ವಿದ್ಯುತ್ ಕಾರಿನ ಸುದ್ದಿ ಮತ್ತು ನಮ್ಮ ಲೆಕ್ಕ

ಮಾರುಕಟ್ಟೆಗೆ ಇನ್ನೂ ಬಾರದ ಕಾರಿನ ಬೆಲೆ, ವೇಗ, ಅಂದಚೆಂದಗಳನ್ನು ಕುರಿತು ಚರ್ಚಿಸುವುದು ನಮ್ಮ ಜನರಿಗೆ ಬಹು ಪ್ರಿಯವಾದ ವಿಷಯ. ಅದು ವಿದ್ಯುತ್ ಕಾರಾದರಂತೂ ಮಾತಿಗೆ ಕೊನೆಯೇ ಇರುವುದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡೀತು, ಸರ್ಕಾರದ ಸಹಾಯಧನ ಎಷ್ಟು ಸಿಕ್ಕೀತು, ಕಾರ್ಖಾನೆ ಯಾವ ಜಿಲ್ಲೆಗೆ ಬಂದೀತು ಎಂಬ ಅಂತೆಕಂತೆಗಳು ಕಾರಿಗಿಂತ ಎರಡು ಮೂರು ವರ್ಷ ಮೊದಲೇ ಓಡಾಡತೊಡಗುತ್ತವೆ. ಕೊಳ್ಳುವವರಿಗೆ ಇದು ಹೊತ್ತು ಕಳೆಯುವ ಮಾತು. ಊಹೆ ತಪ್ಪಿದರೂ ಅವರು ಕಳೆದುಕೊಳ್ಳುವುದೇನಿಲ್ಲ. ಆದರೆ ಅದೇ ಮಾತನ್ನು ನಂಬಿ ಡೈ ಮಾಡಿಸುವ, ಷೋರೂಮಿಗೆಂದು ಮಳಿಗೆಗೆ ಮುಂಗಡ ಕೊಡುವ, ಬ್ಯಾಂಕಿನ ಅವಧಿ ಸಾಲದ ಪತ್ರಕ್ಕೆ ಸಹಿ ಹಾಕುವ ಸಣ್ಣ ಉದ್ಯಮಿಯ ಪರಿಸ್ಥಿತಿ ಹಾಗಲ್ಲ. ಕೆಲವು ವರ್ಷಗಳಿಂದ ನಮ್ಮ ಕಚೇರಿಗೆ ಬರುವ ಯೋಜನಾ ವರದಿಗಳಲ್ಲಿ "ಮುಂಬರುವ ವಿದ್ಯುತ್ ವಾಹನಗಳ ಬೇಡಿಕೆಯನ್ನು ಆಧರಿಸಿ" ಎಂಬ ವಾಕ್ಯ ಪದೇ ಪದೇ ಕಾಣಿಸುತ್ತಿದೆ. ಯಾವ ವಾಹನ, ಯಾರ ಬೇಡಿಕೆ ಎಂದು ಕೇಳಿದರೆ ಉತ್ತರವಾಗಿ ಹೊರಬರುವುದು ಹೆಚ್ಚಾಗಿ ಪತ್ರಿಕೆಯ ಒಂದು ತುಣುಕು.

ಈ ದೃಷ್ಟಿಯಿಂದ ನಮ್ಮ ಬೆಂಗಳೂರಿನಲ್ಲೇ ನಡೆದ ಪ್ರಕರಣವೊಂದನ್ನು ನೆನಪಿಸಿಕೊಳ್ಳುವುದು ಉಚಿತ.

ಬೊಮ್ಮಸಂದ್ರದ ಕಾರು

ರೇವಾ ಕಾರನ್ನು ಓದುಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಸಂಸ್ಥೆಯೊಡನೆ ಕೂಡಿ 1994ರಲ್ಲಿ ಆರಂಭಿಸಿದ ಕಂಪನಿಯು 2001ರಲ್ಲಿ ಈ ಪುಟ್ಟ ಕಾರನ್ನು ಬಿಡುಗಡೆ ಮಾಡಿತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಅದರ ಮುಂದಿನ ಪೀಳಿಗೆಯ ಕಾರನ್ನು ಎನ್‌ಎಕ್ಸ್‌ಆರ್ ಎಂಬ ಹೆಸರಿನಲ್ಲಿ 2009ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ತೋರಿಸಲಾಯಿತು. 2010ರಲ್ಲೇ ಅದು ತಯಾರಾಗಲಿದೆ ಎಂಬ ಮಾತು ಅಂದು ಇತ್ತು. ಅದೇ ತಿಂಗಳು ಜನರಲ್ ಮೋಟಾರ್ಸ್ ಇಂಡಿಯಾ ತನ್ನ ಸ್ಪಾರ್ಕ್ ಕಾರಿನ ವಿದ್ಯುತ್ ಮಾದರಿಯನ್ನು ರೇವಾ ಜೊತೆಗೂಡಿ ತರುವುದಾಗಿ ಪ್ರಕಟಿಸಿತು. 2010ರ ಜನವರಿಯಲ್ಲಿ ದೆಹಲಿಯ ಆಟೊ ಎಕ್ಸ್‌ಪೋದಲ್ಲಿ ಆ ಕಾರು ಜನರ ಕಣ್ಣಿಗೂ ಬಿತ್ತು. ಮೇ ತಿಂಗಳಲ್ಲಿ ಮಹೀಂದ್ರ ಸಂಸ್ಥೆಯು ರೇವಾದ ಶೇ. 55.2ರಷ್ಟು ಷೇರುಗಳನ್ನು ಪಡೆಯಿತು. ಜನರಲ್ ಮೋಟಾರ್ಸ್ ಒಪ್ಪಂದದಿಂದ ಹಿಂದೆ ಸರಿಯಿತು. ಪ್ರದರ್ಶನದಲ್ಲಿ ನಿಂತಿದ್ದ ಕಾರು ಮಾರುಕಟ್ಟೆಯನ್ನು ಮಾತ್ರ ಕಾಣಲಿಲ್ಲ.

ಎನ್‌ಎಕ್ಸ್‌ಆರ್ ಉಳಿಯಿತು. 2012ರ ಆಗಸ್ಟಿನಲ್ಲಿ ಸುಮಾರು 100 ಕೋಟಿ ರೂ. ವೆಚ್ಚದ, ವರ್ಷಕ್ಕೆ 30,000 ಕಾರುಗಳ ಸಾಮರ್ಥ್ಯದ ಕಾರ್ಖಾನೆ ಬೊಮ್ಮಸಂದ್ರದಲ್ಲಿ ಆರಂಭವಾಯಿತು. 2013ರ ಮಾರ್ಚ್ 18ರಂದು ಇ2ಒ ಎಂಬ ಹೆಸರಿನಲ್ಲಿ ಕಾರು ದೆಹಲಿಯಲ್ಲಿ ಬಿಡುಗಡೆಯಾಯಿತು. ಮೊದಲ ಪ್ರದರ್ಶನದಿಂದ ಬಿಡುಗಡೆಯವರೆಗಿನ ಈ ಮೂರೂವರೆ ವರ್ಷಗಳಲ್ಲಿ ಅದರ ಬೆಲೆಯನ್ನು ಕುರಿತು ಹರಡಿದ ಊಹೆಗಳಿಗೆ ಲೆಕ್ಕವಿಲ್ಲ.

ಸಣ್ಣ ತಯಾರಕರು ಗಮನಿಸಬೇಕಾದ ಸಂಗತಿ ಈ 30,000 ಎಂಬ ಸಂಖ್ಯೆ. ಅದು ಕಾರ್ಖಾನೆಯ ಸಾಮರ್ಥ್ಯ. ಮಾರಾಟದ ಅಂದಾಜೂ ಅಲ್ಲ, ಖರೀದಿ ಆದೇಶವೂ ಅಲ್ಲ. ಆದರೆ ಕಿವಿಯಿಂದ ಕಿವಿಗೆ ಹೋಗುವಾಗ ಸಾಮರ್ಥ್ಯವು ಬೇಡಿಕೆಯಾಗಿ ಬದಲಾಗಿಬಿಡುತ್ತದೆ. ಒಂದು ಬಿಡಿಭಾಗಕ್ಕೆ 20 ಲಕ್ಷ ರೂ. ವೆಚ್ಚದಲ್ಲಿ ಡೈ ಮಾಡಿಸಬೇಕು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 30,000ದಂತೆ ಮೂರು ವರ್ಷಗಳಲ್ಲಿ 90,000 ಭಾಗಗಳು ಹೋದರೆ ಪ್ರತಿ ಭಾಗಕ್ಕೆ ತಗಲುವ ಡೈ ವೆಚ್ಚ 22 ರೂ. ಮಾತ್ರ. ಮೂರು ವರ್ಷಗಳಲ್ಲಿ ಒಟ್ಟು 3,000 ಭಾಗಗಳು ಹೋದರೆ ಅದೇ ವೆಚ್ಚ 667 ರೂ. ಆಗುತ್ತದೆ. ಬ್ಯಾಂಕಿನ ಬಡ್ಡಿಯನ್ನು ಇಲ್ಲಿ ಇನ್ನೂ ಸೇರಿಸಿಲ್ಲ. ಇ2ಒ ಕಾರಿನ ಮಾರಾಟ ಆ ಸಾಮರ್ಥ್ಯದ ಸಮೀಪಕ್ಕೂ ಬರಲಿಲ್ಲ. ನಾಲ್ಕು ಬಾಗಿಲಿನ ಇ2ಒ ಪ್ಲಸ್ 2016ರಲ್ಲಿ ಬಂದಿತಾದರೂ 2019ರಲ್ಲಿ ಅದೂ ನಿಂತಿತು.

ಇನ್ನೊಂದು ವಿಷಯವೂ ಉಂಟು. ಕಾರು ಬರುತ್ತದೆ ಎಂದೊಡನೆ ತಗಡಿನ ಪ್ರೆಸ್ ಕೆಲಸ ಹೆಚ್ಚುತ್ತದೆ ಎಂದು ಭಾವಿಸುವುದು ನಮ್ಮ ವಾಡಿಕೆ. ರೇವಾ ಮತ್ತು ಇ2ಒ ಎರಡರ ಮೈ ತಗಡಿನದಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಣ್ಣವನ್ನು ಒಡಲಲ್ಲೇ ಬೆರೆಸಿದ ಪ್ಲಾಸ್ಟಿಕ್ ಹಲಗೆಗಳನ್ನು ಕೂಡಿಸಿದ ರಚನೆ ಅವುಗಳದು. ಪಿಸ್ಟನ್, ವಾಲ್ವ್, ಸೈಲೆನ್ಸರ್, ಕ್ಲಚ್ ಪ್ಲೇಟುಗಳಿಗೆ ವಿದ್ಯುತ್ ಕಾರಿನಲ್ಲಿ ಸ್ಥಳವಿಲ್ಲವೆಂಬುದು ಈಗ ಎಲ್ಲರಿಗೂ ತಿಳಿದಿದೆ. ಆದರೆ ಇರುವ ಭಾಗಗಳೂ ನಾವು ತಿಳಿದ ರೂಪದಲ್ಲೇ ಇರುತ್ತವೆ ಎಂದೇನೂ ಇಲ್ಲ. ನಕ್ಷೆ ಕೈಗೆ ಬರುವ ಮುನ್ನ ಯಂತ್ರ ಕೊಳ್ಳಲು ಹೊರಡುವುದು ಸರ್ವಥಾ ಸಲ್ಲದು.

ಬೆಲೆಯ ಊಹೆ ಎಂದರೆ ತೆರಿಗೆಯ ಊಹೆ

ಪೆಟ್ರೋಲ್ ಕಾರಿನ ಬೆಲೆಯನ್ನು ಅದರ ಪ್ರತಿಸ್ಪರ್ಧಿಯನ್ನು ನೋಡಿ ಅಂದಾಜು ಮಾಡಬಹುದು. ವಿದ್ಯುತ್ ಕಾರಿನ ಬೆಲೆಯಾದರೋ ಬಹುಮಟ್ಟಿಗೆ ವಿಧಾನಸೌಧದಲ್ಲಿ ಮತ್ತು ದೆಹಲಿಯಲ್ಲಿ ನಿರ್ಧಾರವಾಗುತ್ತದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವು 2010ರ ನವೆಂಬರಿನಲ್ಲಿ ವಿದ್ಯುತ್ ಕಾರುಗಳಿಗೆ ಕಾರ್ಖಾನೆ ಬೆಲೆಯ ಶೇ. 20ರಷ್ಟು, ಗರಿಷ್ಠ 1 ಲಕ್ಷ ರೂ. ಸಹಾಯಧನ ಘೋಷಿಸಿತು. 2012ರ ಮಾರ್ಚ್ 31ಕ್ಕೆ ಅದು ಮುಗಿಯಿತು. ಮುಂದಿನ ಯೋಜನೆಯಾದ ಫೇಮ್ ಜಾರಿಗೆ ಬಂದದ್ದು 2015ರ ಏಪ್ರಿಲ್ 1ರಂದು. ನಡುವಿನ ಮೂರು ವರ್ಷಗಳಲ್ಲಿ "ಇಂದು ಬರುತ್ತದೆ, ನಾಳೆ ಬರುತ್ತದೆ" ಎಂಬ ನಿರೀಕ್ಷೆಯೊಂದೇ ಉಳಿದಿತ್ತು. ಇ2ಒ ಬಿಡುಗಡೆಯಾದದ್ದು ಸರಿಯಾಗಿ ಈ ಅಂತರದಲ್ಲಿ. ದೆಹಲಿ ಸರ್ಕಾರದ ನೆರವು ಸೇರಿ ಅಲ್ಲಿ ರಸ್ತೆಗಿಳಿಯುವ ಬೆಲೆ 5.96 ಲಕ್ಷ ರೂ. ಆಯಿತು, ಅಂಥ ನೆರವಿಲ್ಲದ ಊರುಗಳಲ್ಲಿ ಅದಕ್ಕಿಂತ ಹೆಚ್ಚು. ಮುಂದಿನ ತಿಂಗಳು ಸಹಾಯಧನ ಬರಬಹುದೆಂಬ ಮಾತು ಕೇಳಿದವನು ಈ ತಿಂಗಳು ಕಾರು ಕೊಳ್ಳುತ್ತಾನೆಯೇ? ಸಹಾಯಧನ ಇಲ್ಲವೆಂಬ ಖಚಿತ ಸುದ್ದಿಗಿಂತ ಬರಬಹುದೆಂಬ ಗಾಳಿಸುದ್ದಿಯೇ ವ್ಯಾಪಾರಕ್ಕೆ ಹೆಚ್ಚು ಹಾನಿಕರವೆಂಬುದು ನನ್ನ ಅಭಿಪ್ರಾಯ.

2025ರ ಆಗಸ್ಟ್ 15ರಂದು ಜಿಎಸ್‌ಟಿ ಇಳಿಕೆಯ ಮಾತು ಹೊರಬಿದ್ದಾಗ ನಮ್ಮ ಪೆಟ್ರೋಲ್ ವಾಹನ ವಿತರಕರೂ ಇದನ್ನೇ ಅನುಭವಿಸಿದರು. ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ದರ ಶೇ. 28ರಿಂದ 18ಕ್ಕೆ ಇಳಿಯುವವರೆಗೆ ಗ್ರಾಹಕರು ಕಾದು ಕುಳಿತರು. ಗೋದಾಮಿನಲ್ಲಿದ್ದ ದಾಸ್ತಾನಿನ ಮೇಲೆ ಬಡ್ಡಿ ಮಾತ್ರ ಕಾಯಲಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ, 2016ರಿಂದ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯ ವಿನಾಯಿತಿ ಇದ್ದ ಕರ್ನಾಟಕದಲ್ಲಿ 2024ರ ಮಾರ್ಚಿನಲ್ಲಿ 25 ಲಕ್ಷ ರೂ. ಮೀರಿದ ಕಾರುಗಳಿಗೆ ಶೇ. 10ರಷ್ಟು ಆಜೀವ ತೆರಿಗೆ ಬಂದಿತು. ಹಳೆಯ ದರವನ್ನು ನಂಬಿ ಬೆಲೆ ಹೇಳಿದ್ದವರು ಗ್ರಾಹಕರ ಮುಂದೆ ತಬ್ಬಿಬ್ಬಾದರು.

ಬೆಲೆಯ ಮೊತ್ತವಷ್ಟೇ ಅಲ್ಲ, ಅದರ ಸ್ವರೂಪವೂ ಊಹೆಗೆ ಸಿಗದಿರಬಹುದು. 2014ರಲ್ಲಿ ಇ2ಒ ಕಾರನ್ನು ಬ್ಯಾಟರಿಯ ಬೆಲೆ ಬಿಟ್ಟು 4.99 ಲಕ್ಷ ರೂ.ಗೆ ಕೊಟ್ಟು, ತಿಂಗಳಿಗೆ 2,599 ರೂ. ಬಾಡಿಗೆ ಪಡೆಯುವ ಪದ್ಧತಿ ಬಂದಿತು. ಅಂದು ಅದನ್ನು ಹೆಚ್ಚು ಜನ ಮೆಚ್ಚಲಿಲ್ಲ. ಹತ್ತು ವರ್ಷಗಳ ನಂತರ, 2024ರ ಸೆಪ್ಟೆಂಬರಿನಲ್ಲಿ, ಎಂಜಿ ವಿಂಡ್ಸರ್ ಕಾರು ಇದೇ ದಾರಿಯಲ್ಲಿ 9.99 ಲಕ್ಷ ರೂ. ಮತ್ತು ಕಿಲೋಮೀಟರಿಗೆ 3.50 ರೂ. ಬಾಡಿಗೆ ಎಂದು ಬಂದಾಗ ಜನ ಸಾಲುಗಟ್ಟಿದರು.

ಒಂದು ಲಕ್ಷ ರೂಪಾಯಿಯ ಕಂಪನಿ

2021ರ ಜನವರಿ 8ರಂದು ಟೆಸ್ಲಾ ಸಂಸ್ಥೆಯು ತನ್ನ ಭಾರತೀಯ ಕಂಪನಿಯನ್ನು ಬೆಂಗಳೂರಿನಲ್ಲಿ ನೋಂದಾಯಿಸಿತು. ಇದರಿಂದ ಎದ್ದ ಉತ್ಸಾಹ ಅಷ್ಟಿಷ್ಟಲ್ಲ. ಫೆಬ್ರವರಿಯಲ್ಲಿ ಅಂದಿನ ಮುಖ್ಯಮಂತ್ರಿಗಳಾದ ಶ್ರೀ ಬಿ. ಎಸ್. ಯಡಿಯೂರಪ್ಪನವರು ಟೆಸ್ಲಾ ಕರ್ನಾಟಕದಲ್ಲಿ ತಯಾರಿಕಾ ಘಟಕ ತೆರೆಯಲಿದೆ ಎಂದರು. ತುಮಕೂರಿನ ಹೆಸರೂ ಜೊತೆಗೆ ಕೇಳಿಬಂದಿತು. ನಮ್ಮ ಕಕ್ಷಿದಾರರಲ್ಲಿ ಒಬ್ಬರು, ಪೀಣ್ಯದಲ್ಲಿ ಬ್ರಾಕೆಟ್ ತಯಾರಿಸುವವರು, ಆ ಕಡೆ ಶೆಡ್ಡಿಗೆ ಜಾಗ ನೋಡಲೇ ಎಂದು ವಿಚಾರಿಸಿದರು. ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಗಳು ಯಾರಿಗೂ ಮುಚ್ಚಿದವಲ್ಲ. ಹೊಸ ಕಂಪನಿಯ ಅಧಿಕೃತ ಬಂಡವಾಳ 15 ಲಕ್ಷ ರೂ., ಪಾವತಿಯಾದ ಬಂಡವಾಳ 1 ಲಕ್ಷ ರೂ. ಎಂದು ಅಲ್ಲಿತ್ತು. ಮಾತೃ ಸಂಸ್ಥೆ ನಾಳೆ ಎಷ್ಟು ಕೋಟಿ ಬೇಕಾದರೂ ತರಬಹುದು, ಅದು ಬೇರೆ ಮಾತು. ಆದರೆ ಒಂದು ಲಕ್ಷ ರೂಪಾಯಿಯ ಕಂಪನಿಯು ಅಂದಿನ ಮಟ್ಟಿಗೆ ಕಚೇರಿ ತೆರೆಯುವ ಸಿದ್ಧತೆಯೇ ಹೊರತು ಕಾರ್ಖಾನೆ ಕಟ್ಟುವ ಸಿದ್ಧತೆಯಲ್ಲ. ಅವರು ಜಾಗ ನೋಡಲು ಹೋಗಲಿಲ್ಲ.

ಮುಂದಿನದು ತಿಳಿದದ್ದೇ. ಆಮದು ಸುಂಕ ಹೆಚ್ಚೆಂದು ಕಂಪನಿಯೂ, ಇಲ್ಲೇ ತಯಾರಿಸಿ ಎಂದು ಸರ್ಕಾರವೂ ಹಗ್ಗ ಜಗ್ಗಿದವು. 2024ರ ಮಾರ್ಚ್ 15ರ ಯೋಜನೆಯಲ್ಲಿ ಸರ್ಕಾರವು 4,150 ಕೋಟಿ ರೂ. ಹೂಡಿ ಮೂರು ವರ್ಷದೊಳಗೆ ತಯಾರಿಕೆ ಆರಂಭಿಸುವವರಿಗೆ ವರ್ಷಕ್ಕೆ 8,000 ಕಾರುಗಳವರೆಗೆ ಶೇ. 15ರ ಸುಂಕದಲ್ಲಿ ಆಮದಿಗೆ ಅವಕಾಶ ನೀಡಿತು. ಏಪ್ರಿಲ್‌ನಲ್ಲಿ ಈಲಾನ್ ಮಸ್ಕ್ ಭಾರತಕ್ಕೆ ಬರುವವರಿದ್ದರು, ಬರಲಿಲ್ಲ. 2025ರ ಜೂನ್‌ನಲ್ಲಿ ಕೇಂದ್ರದ ಭಾರಿ ಕೈಗಾರಿಕಾ ಸಚಿವರಾದ ನಮ್ಮವರೇ ಆದ ಶ್ರೀ ಎಚ್. ಡಿ. ಕುಮಾರಸ್ವಾಮಿಯವರು, ಟೆಸ್ಲಾಗೆ ಇಲ್ಲಿ ತಯಾರಿಸುವ ಆಸಕ್ತಿಯಿಲ್ಲ, ಷೋರೂಂ ತೆರೆಯುವುದರಲ್ಲಷ್ಟೇ ಆಸಕ್ತಿ ಎಂದು ಸ್ಪಷ್ಟಪಡಿಸಿದರು. ಜುಲೈ 15ರಂದು ಮೊದಲ ಮಳಿಗೆ ಮುಂಬಯಿಯಲ್ಲಿ ತೆರೆಯಿತು; ಮಾಡೆಲ್ ವೈ ಕಾರಿನ ಆರಂಭಿಕ ಬೆಲೆ 59.89 ಲಕ್ಷ ರೂ.

ಇದು ವಿದೇಶಿ ಕಂಪನಿಗಳ ಸ್ವಭಾವವೆಂದು ಭಾವಿಸಬೇಕಾಗಿಲ್ಲ. ಮಾರುತಿ ಸಂಸ್ಥೆ 2018ರಲ್ಲಿ 50 ವಿದ್ಯುತ್ ಕಾರುಗಳನ್ನು ರಸ್ತೆಯಲ್ಲಿ ಪರೀಕ್ಷಿಸತೊಡಗಿ 2020ಕ್ಕೆ ಮಾರುಕಟ್ಟೆಗೆ ತರುವ ಉದ್ದೇಶ ಹೊಂದಿತ್ತು. ಆ ಕಾರು ಗ್ರಾಹಕರ ಕೈ ಸೇರಲಿಲ್ಲ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2022ರ ಆಗಸ್ಟ್ 15ರಂದು ಕಾರೊಂದನ್ನು 2024ಕ್ಕೆ ತರುವುದಾಗಿ ಘೋಷಿಸಿತು. 2024ರಲ್ಲಿ ಸಾರ್ವಜನಿಕ ಷೇರು ವಿತರಣೆಗೆ ಹೊರಟಾಗ ಕಾರಿನ ಯೋಜನೆಯನ್ನು ಬದಿಗಿಟ್ಟಿತು. ವೇದಿಕೆಯ ಭಾಷಣಕ್ಕೂ ಪ್ರಾಸ್ಪೆಕ್ಟಸಿಗೂ ಇರುವ ವ್ಯತ್ಯಾಸವನ್ನು ನಮ್ಮ ಸದಸ್ಯ ಮಿತ್ರರು ಮರೆಯಬಾರದು. ಭಾಷಣದಲ್ಲಿ ಹೇಳಿದ್ದಕ್ಕೆ ಚಪ್ಪಾಳೆ ಸಿಗುತ್ತದೆ. ಪ್ರಾಸ್ಪೆಕ್ಟಸಿನಲ್ಲಿ ಸುಳ್ಳು ಹೇಳಿದರೆ ಕಂಪನಿ ಕಾಯಿದೆಯ ಪ್ರಕಾರ ಶಿಕ್ಷೆ ಉಂಟು. ಹಣ ಯಾವುದಕ್ಕೆ ಬಳಕೆಯಾಗುತ್ತದೆ ಎಂಬ ಅಧ್ಯಾಯವನ್ನು ಓದಿದರೆ ಕಾರು ಬರುವುದೋ ಇಲ್ಲವೋ ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಾಗೆಂದು ಎಲ್ಲವನ್ನೂ ಗಾಳಿಮಾತೆಂದು ತಳ್ಳಿಹಾಕುವುದೂ ಅಪಾಯವೇ. ಟಾಟಾ ನೆಕ್ಸಾನ್ ವಿದ್ಯುತ್ ಕಾರು 2020ರ ಜನವರಿಯಲ್ಲಿ 13.99 ಲಕ್ಷ ರೂ.ಗೆ ಬಂದಾಗ ಅದರ ಸುತ್ತ ಇಷ್ಟು ಗದ್ದಲವಿರಲಿಲ್ಲ. 2024-25ರ ಹಣಕಾಸು ವರ್ಷದಲ್ಲಿ ದೇಶದ ವಿದ್ಯುತ್ ಕಾರುಗಳ ಮಾರಾಟ 1 ಲಕ್ಷ ದಾಟಿತು.

ಮುಂಗಡದ ಹಣ

ವಿತರಕರು ಎಚ್ಚರ ವಹಿಸಬೇಕಾದ ಭಾಗ ಇದು. 2016ರ ಮಾರ್ಚ್ 31ರಂದು ಟೆಸ್ಲಾ ಮಾಡೆಲ್ 3 ಕಾರಿಗೆ 1,000 ಡಾಲರ್ ಮುಂಗಡ ಪಡೆಯಲಾರಂಭಿಸಿತು. ಒಂದು ವಾರದಲ್ಲಿ 3,25,000 ಜನ ಕಟ್ಟಿದರು. ಅಂದರೆ 32.5 ಕೋಟಿ ಡಾಲರ್, ಅದೂ ಬಡ್ಡಿಯಿಲ್ಲದೆ. ಹೇಳಿದ್ದ 35,000 ಡಾಲರಿನ ಕಾರು ಬಂದದ್ದು 2019ರಲ್ಲಿ. ನಮ್ಮ ದೇಶದಲ್ಲಿ ಅಂದು ಸುಮಾರು 66,000 ರೂ. ತೆತ್ತು ಕಾದವರಿಗೆ ಒಂಬತ್ತು ವರ್ಷಗಳ ನಂತರ, 2025ರಲ್ಲಿ, ಮುಂಗಡ ಹಿಂದಿರುಗತೊಡಗಿತು. ಶೇ. 6ರ ಸರಳ ಬಡ್ಡಿಯಲ್ಲಿ ಅದೇ ಹಣ 1,01,640 ರೂ. ಆಗುತ್ತಿತ್ತು.

ದೊಡ್ಡವರಂತೆ ನಾವೂ ಮುಂಗಡ ಪಡೆಯೋಣವೆಂದು ಹೊರಡುವ ವಿತರಕ ಕಂಪನಿಗಳು ಕಂಪನಿಗಳ (ಠೇವಣಿ ಸ್ವೀಕಾರ) ನಿಯಮಗಳು, 2014ನ್ನು ಒಮ್ಮೆ ನೋಡುವುದು ಒಳಿತು. ಸರಕಿಗಾಗಿ ಪಡೆದ ಮುಂಗಡವು 365 ದಿನಗಳೊಳಗೆ ಆ ಸರಕಿನ ಪೂರೈಕೆಗೆ ಹೊಂದಾಣಿಕೆಯಾಗದಿದ್ದರೆ ಅದು ಠೇವಣಿಯೆನಿಸುತ್ತದೆ. ಠೇವಣಿಯೆನಿಸಿದ ಮೇಲೆ ಅದರ ಕಟ್ಟುಪಾಡುಗಳೂ ದಂಡವೂ ಬೆನ್ನು ಹತ್ತುತ್ತವೆ. ಬಿಡುಗಡೆಯ ದಿನವೇ ಗೊತ್ತಿಲ್ಲದ ಕಾರಿಗೆ ಒಂದು ವರ್ಷ ಕಳೆಯುವುದು ಕಷ್ಟವೇನಲ್ಲ. ಸರಕಿನ ಮುಂಗಡಕ್ಕೆ 2017ರ ನವೆಂಬರ್ 15ರಿಂದ ಜಿಎಸ್‌ಟಿ ಕಟ್ಟಬೇಕಿಲ್ಲವಾದರೂ, ಚಾರ್ಜರ್ ಅಳವಡಿಕೆ, ವಿಸ್ತರಿತ ವಾರಂಟಿ ಮುಂತಾದ ಸೇವೆಗಳಿಗೆ ಒಟ್ಟಾಗಿ ಪಡೆದ ಮುಂಗಡಕ್ಕೆ ತೆರಿಗೆ ಬರುತ್ತದೆ. ಆದ್ದರಿಂದ ರಸೀದಿಯಲ್ಲಿ ಎರಡನ್ನೂ ಬೇರ್ಪಡಿಸಿ ಬರೆಯಬೇಕು. ಈ ಹಣವನ್ನು ದೈನಂದಿನ ಖರ್ಚಿಗೆ ಬಳಸಿದವರು ಮರುಪಾವತಿಯ ಸಾಲು ನಿಂತಾಗ ಓವರ್‌ಡ್ರಾಫ್ಟಿನ ಮೊರೆಹೋಗಬೇಕಾಗುತ್ತದೆ.

ಬಿಡಿಭಾಗ ತಯಾರಕರಿಗೆ ನಾವು ಸಾಮಾನ್ಯವಾಗಿ ಹೇಳುವ ಮಾತು ಇಷ್ಟೇ: ಡೈ ಯಾರ ಆಸ್ತಿ ಎಂಬುದನ್ನು ಮೊದಲು ಬರವಣಿಗೆಯಲ್ಲಿ ಪಡೆಯಿರಿ. ಕೊಳ್ಳುವ ಕಂಪನಿಯೇ ಡೈ ವೆಚ್ಚ ಭರಿಸಿದರೆ ಅತ್ಯುತ್ತಮ. ಭಾಗದ ಬೆಲೆಯಲ್ಲಿ ಸೇರಿಸಿ ಕೊಡುತ್ತೇವೆ ಎಂದರೆ, ಇಂತಿಷ್ಟು ಸಂಖ್ಯೆಯನ್ನು ಇಂತಿಷ್ಟು ತಿಂಗಳಲ್ಲಿ ಕೊಳ್ಳದಿದ್ದರೆ ಉಳಿದ ಮೊತ್ತವನ್ನು ಒಂದೇ ಕಂತಿನಲ್ಲಿ ಕೊಡುವ ಷರತ್ತು ಖರೀದಿ ಆದೇಶದಲ್ಲೇ ಇರಲಿ. ಪೀಣ್ಯದ ಆ ಕಕ್ಷಿದಾರರು ಕಳೆದ ವರ್ಷ ಮತ್ತೊಂದು ವಿದ್ಯುತ್ ಕಾರಿನ ಕೆಲಸಕ್ಕೆ ಬ್ಯಾಂಕಿಗೆ ಅರ್ಜಿ ಹಾಕಿದರು. ಕಂಪನಿ ಹೇಳಿದ ಸಂಖ್ಯೆಯ ಮೂರನೆಯ ಒಂದು ಭಾಗವನ್ನಷ್ಟೇ ಹಿಡಿದು ನಾವು ಅಂದಾಜು ಪಟ್ಟಿ ತಯಾರಿಸಿದೆವು. ಅಷ್ಟರಲ್ಲೂ ಕಂತು ತೀರುವಂತಿತ್ತು, ಅರ್ಜಿ ಕೊಟ್ಟೆವು. ಬ್ಯಾಂಕಿನ ವ್ಯವಸ್ಥಾಪಕರು ಇಷ್ಟು ಕಡಿಮೆ ಏಕೆ ತೋರಿಸಿದ್ದೀರಿ ಎಂದು ಕೇಳಿ, ಸಾಲ ಮಂಜೂರು ಮಾಡಿದರು.