ಹಿರಿಯರ ರಕ್ತದೊತ್ತಡ ಮತ್ತು ಭರಣಿಯ ಉಪ್ಪು

ಉಪ್ಪಿಗಿಂತ ರುಚಿಯಿಲ್ಲ ಎಂಬ ಹಿರಿಯರ ಮಾತಿಗೆ ಎದುರು ಹೇಳುವವರಾರು? ಊಟಕ್ಕೆ ಕುಳಿತವರ ಎಲೆಯ ತುದಿಗೆ ಮೊದಲು ಬೀಳುವುದೇ ಒಂದು ಚಿಟಿಕೆ ಉಪ್ಪು. ಅದನ್ನು ಅರುವತ್ತು ದಾಟಿದ ಮೇಲೆ ಕಡಿಮೆ ಮಾಡಬೇಕೆಂದರೆ ಯಾರಿಗೂ ಹಿತವಾಗದು.

“ಉಪ್ಪು ಕುರಯ್ಕಣಂ” ಎಂದು ಡಾಕ್ಟರರು ಮಲೆಯಾಳದಲ್ಲಿ ಹೇಳಿದರೆ ನಮ್ಮ ಅಜ್ಜ ಅಜ್ಜಿಯರಿಗೆ ತಿಳಿಯದೆ ಹೋಗುವುದಿಲ್ಲ. ಕನ್ನಡ, ತುಳು, ಮಲೆಯಾಳ ಮೂರಕ್ಕೂ ಉಪ್ಪು ಒಂದೇ ಶಬ್ದ. ತೊಡಕು ಇರುವುದು ಶಬ್ದದಲ್ಲಲ್ಲ. ಮನೆಗೆ ಬಂದವರು ಎಲೆಯ ತುದಿಯ ಉಪ್ಪನ್ನು ಬಿಡುತ್ತಾರೆ, ಮಜ್ಜಿಗೆಗೆ ಹಾಕುವ ಹರಳನ್ನು ಬಿಡುತ್ತಾರೆ, “ನಾನು ಉಪ್ಪು ಬಿಟ್ಟಿದ್ದೇನೆ” ಎನ್ನುತ್ತಾರೆ. ಗಂಜಿಯ ಬಟ್ಟಲಿನ ಪಕ್ಕದ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ ಮಾತ್ರ ಹಾಗೆಯೇ ಉಳಿದಿರುತ್ತವೆ. ಮುಂದಿನ ಸಲ ನೋಡುವಾಗ ಒತ್ತಡ ಇಳಿದಿಲ್ಲ. ಮಾತ್ರೆ ಒಂದು ಹೆಚ್ಚಾಗುತ್ತದೆ.

ವಯಸ್ಸಾದವರಿಗೇ ಏಕೆ ಈ ಕಟ್ಟುಪಾಡು? ಪ್ರಾಯವಾದಂತೆ ರಕ್ತನಾಳಗಳು ತಮ್ಮ ಮೊದಲಿನ ಬಳುಕನ್ನು ಕಳೆದುಕೊಂಡು ಬಿರುಸಾಗುತ್ತವೆ. ಹೆಚ್ಚಾದ ಉಪ್ಪನ್ನು ಹೊರಹಾಕುವ ಶಕ್ತಿ ಮೂತ್ರಪಿಂಡಗಳಿಗೆ ಕಡಿಮೆಯಾಗುತ್ತದೆ. ಉಳಿದ ಉಪ್ಪು ನೀರನ್ನು ಹಿಡಿದಿಡುತ್ತದೆ, ಒತ್ತಡ ಏರುತ್ತದೆ. ಸಾಲದ್ದಕ್ಕೆ ನಾಲಗೆಯ ರುಚಿಯೂ ಮಂದವಾಗುವುದರಿಂದ, ಸೊಸೆ ಸರಿಯಾಗಿಯೇ ಹಾಕಿದ ಸಾರು ಮಾವನಿಗೆ ಸಪ್ಪೆಯೆನಿಸುತ್ತದೆ. ಒತ್ತಡ 140/90ಕ್ಕೆ ಮೇಲೆ ನಿಂತೇ ಇದ್ದರೂ ಅನೇಕರಿಗೆ ತಲೆನೋವೂ ಇರುವುದಿಲ್ಲ. ಒಂದು ದಿನ ಬಾಯಿ ಓರೆಯಾಗಿ ಕೈ ಬಿದ್ದುಹೋದಾಗಲೇ ಮನೆಯವರಿಗೆ ಗೊತ್ತಾಗುವುದುಂಟು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದಷ್ಟು. ಅಡಿಗೆಮನೆಯಲ್ಲಿ ತಕ್ಕಡಿ ಹಿಡಿದು ಕೂರುವವರಾರು? ಇದಕ್ಕಿಂತ ಸುಲಭದ ಲೆಕ್ಕವಿದೆ. ಐವರು ದೊಡ್ಡವರಿರುವ ಮನೆಗೆ ಮೂವತ್ತು ದಿನಕ್ಕೆ 750 ಗ್ರಾಂ. ಒಂದು ಕಿಲೋ ಉಪ್ಪಿನ ಪೊಟ್ಟಣ ನಲುವತ್ತು ದಿನ ಬರಬೇಕು. ಎಷ್ಟು ದಿನಕ್ಕೆ ಮುಗಿಯುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಮಾವಿನಮಿಡಿಯ ಕಾಲದಲ್ಲಿ ಭರಣಿಗೆ ಸುರಿದ ಕಲ್ಲುಪ್ಪನ್ನೂ ಅಂಗಡಿಯಿಂದ ತಂದ ಮಿಕ್ಸ್ಚರ್, ನೇಂದ್ರ ಚಿಪ್ಸ್‌ಗಳನ್ನೂ ಈ ಲೆಕ್ಕಕ್ಕೆ ಸೇರಿಸಲು ಮರೆಯಬಾರದು.

ನಿಜಕ್ಕೂ ಬರಿಯ ಗಂಜಿಯಷ್ಟು ಉಪ್ಪಿಲ್ಲದ ಆಹಾರ ಬೇರೆ ಸಿಕ್ಕುವುದು ಕಷ್ಟ. ಅಕ್ಕಿಯಲ್ಲಿ ಸೋಡಿಯಂ ಇಲ್ಲವೆಂಬಷ್ಟು ಕಡಿಮೆ. ರಕ್ತದೊತ್ತಡಕ್ಕೆ ಒಳ್ಳೆಯ ಮದ್ದುಗಳೇ ಇಲ್ಲದಿದ್ದ 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ವಾಲ್ಟರ್ ಕೆಂಪ್‌ನರ್ ಎಂಬವರು ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆ ಮಾತ್ರ ಕೊಟ್ಟು ಅನೇಕರ ಒತ್ತಡವನ್ನು ಇಳಿಸಿದ್ದರು. ಉಪ್ಪಿಲ್ಲದ ಆ ಪಥ್ಯವನ್ನು ಸಹಿಸಿಕೊಳ್ಳುವುದು ಸುಲಭವಾಗಿರಲಿಲ್ಲ; ನಮಗೆ ಅಷ್ಟು ಬೇಕಾಗಿಯೂ ಇಲ್ಲ. ಗಂಜಿಯ ಮೇಲೆ ತಪ್ಪು ಹೊರಿಸುವಂತಿಲ್ಲವೆಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು.

ಭರಣಿಯನ್ನು ಒಡೆಯಬೇಕೆಂದು ಯಾರೂ ಹೇಳುತ್ತಿಲ್ಲ. ಮಳೆಗಾಲದ ತರಕಾರಿಯ ಬರಕ್ಕಾಗಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ನಮ್ಮ ಅಜ್ಜಿಯಂದಿರು ನೀರಿನಲ್ಲಿ ನೆನೆಹಾಕಿ, ಹಿಂಡಿ, ನೀರು ಬದಲಿಸಿಯೇ ಪಲ್ಯ ಮಾಡುತ್ತಿದ್ದರು. ಅವಸರದಲ್ಲಿ ಒಮ್ಮೆ ತೊಳೆದು ಬಾಣಲೆಗೆ ಹಾಕಿದರೆ ಸಾಲದು. ಉಪ್ಪು ನೀರಿನ ಮಾವಿನಕಾಯಿಗೂ ಒಣಮೀನಿಗೂ ಇದೇ ಕ್ರಮ. ಆಮೇಲೆ ಅದರ ಗೊಜ್ಜಿಗೋ ಚಟ್ನಿಗೋ ಪುನಃ ಉಪ್ಪು ಹಾಕಬಾರದು. ಹಪ್ಪಳವನ್ನು ಸುಟ್ಟರೆ ಎಣ್ಣೆ ಉಳಿಯಬಹುದು, ಉಪ್ಪು ಎಲ್ಲಿ ಹೋಗುತ್ತದೆ? ಅಡಿಗೆ ಸೋಡಾದಲ್ಲಿಯೂ ಸೋಡಿಯಂ ಇದೆ. ಕಲ್ಲುಪ್ಪು, ಸೈಂಧವ ಲವಣ ಎಷ್ಟು ತಿಂದರೂ ದೋಷವಿಲ್ಲವೆಂಬ ಮಾತು ಬರಿಯ ನಂಬಿಕೆ. ಬಣ್ಣ ಬೇರೆಯಾದರೂ ವಸ್ತು ಬಹುಮಟ್ಟಿಗೆ ಅದೇ.

ಒಮ್ಮೆಲೇ ಕಡಿತ ಮಾಡಿದರೆ ಹಿರಿಯರು ಊಟವನ್ನೇ ಬಿಟ್ಟಾರು. ಆಹಾರವೇ ಸೇರದೆ ಸೊರಗುವುದು ಇನ್ನೊಂದು ಕೇಡು. ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬಂದರೆ ಕೆಲವು ವಾರಗಳಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ. ಹುಳಿಗೆ ಬರವಿಲ್ಲದ ಊರು ನಮ್ಮದು. ಪುನರ್ಪುಳಿ, ಬಿಂಬುಳಿ, ಲಿಂಬೆ, ಜೊತೆಗೆ ಶುಂಠಿ, ಜೀರಿಗೆ, ಕರಿಬೇವಿನ ಒಗ್ಗರಣೆ ಇದ್ದರೆ ತಂಬುಳಿಗೆ ಅರ್ಧ ಉಪ್ಪು ಸಾಕು. ಮಾವನವರಿಗೆಂದು ಬೇರೆ ಪಾತ್ರೆ ಇಡುವುದಕ್ಕಿಂತ ಮನೆಗೆಲ್ಲ ಒಂದೇ ಅಡಿಗೆಯಲ್ಲಿ ಉಪ್ಪು ಇಳಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ಇಂತಹ ಉಪ್ಪಿನ ಪರೀಕ್ಷೆ ನಡೆದು 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಿಂದೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ ಅರುವತ್ತು ದಾಟಿದ ರಕ್ತದೊತ್ತಡದವರು ಅದರಲ್ಲಿದ್ದರು. ಬದಲಿ ಉಪ್ಪು ತಿಂದವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇಕಡಾ 14ರಷ್ಟು ಕಡಿಮೆಯಿತ್ತು. ಆದರೆ ಮೂತ್ರಪಿಂಡದ ಕಾಯಿಲೆಯವರಿಗೆ ಇದು ಅಪಾಯ. ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪೀತು. ಒತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುವಂಥವು. ಡಾಕ್ಟರರನ್ನು ಕೇಳದೆ ಅದನ್ನು ಮನೆಗೆ ತರಬಾರದು.

ಇನ್ನು ಅತಿಯಾಗಿ ಪಥ್ಯ ಮಾಡುವವರ ವಿಷಯ. ಮೂತ್ರ ಹೆಚ್ಚು ಹೋಗುವ ಮಾತ್ರೆ ತಿನ್ನುವ ಹಿರಿಯರು ಉಪ್ಪನ್ನು ಪೂರ್ತಿ ಬಿಟ್ಟು, ಮೇಲಿಂದ ವಾಂತಿಭೇದಿಯೂ ಆದರೆ ರಕ್ತದ ಸೋಡಿಯಂ ತೀರ ಇಳಿಯುವುದುಂಟು. ನಿಶ್ಶಕ್ತಿ, ತೂಕಡಿಕೆ, ಮಾತು ತಪ್ಪುವುದು, ಮನೆಯವರ ಗುರುತು ಹತ್ತದಿರುವುದು ಇದರ ಲಕ್ಷಣ. ಅರುಳುಮರುಳೆಂದು ಸುಮ್ಮನಿರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವವರು ಅದನ್ನೂ ಡಾಕ್ಟರರಲ್ಲಿ ಹೇಳಲಿ. ಉಪ್ಪು ಕಡಿಮೆ ಮಾಡಿದೆನೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸುವುದಂತೂ ಬೇಡವೇ ಬೇಡ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಮೂರು ದಿನ ತಿಂದದ್ದರ ಪಟ್ಟಿಯನ್ನೂ ಒಯ್ಯಿರಿ. ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆ, ಒಣಮೀನು ಯಾವುದನ್ನೂ ಬಿಡದೆ ಬರೆಯಿರಿ. ಮಲೆಯಾಳ ಬಲ್ಲ ಮಕ್ಕಳೋ ಮೊಮ್ಮಕ್ಕಳೋ ಅದನ್ನು ಡಾಕ್ಟರರಿಗೆ ಓದಿ ಹೇಳಲಿ.