ಬೆಳಗಿನ ಹತ್ತು ನಿಮಿಷ, ಇಪ್ಪತ್ತೊಂದು ದಿನದ ಲೆಕ್ಕ

ಹೈನುಗಾರಿಕೆ ಮಾಡುವ ಅಕ್ಕ-ತಂಗಿಯರೇ,

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಊರಿಗೆ ಹೋದರೂ ನಿಮ್ಮಿಂದ ಕೇಳುವ ಮಾತು ಒಂದೇ: "ಹೊತ್ತೇ ಸಾಲೂದಿಲ್ಲ ನೋಡ್ರಿ, ಡಾಕ್ಟರ." ನಸುಕಿನಲ್ಲಿ ಎದ್ದು ಸಗಣಿ ತೆಗೆದು, ಹಾಲು ಹಿಂಡಿ, ಡೇರಿಗೆ ಹಾಕಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಕಬ್ಬಿನ ಹೊಲದಲ್ಲಿ ಕಳೆ ತೆಗೆದು, ಸಂಜೆ ಮೇವಿನ ಹೊರೆ ಹೊತ್ತು ಬಂದು ಮತ್ತೆ ಹಾಲು ಹಿಂಡುವ ನಿಮಗೆ "ಇನ್ನಷ್ಟು ದುಡಿಯಿರಿ" ಎಂದು ಹೇಳುವುದು ತಪ್ಪು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಆ ತಪ್ಪು ಮಾಡಿದ್ದೇನೆ. ಮೂಡಲಗಿ ಭಾಗದ ಒಬ್ಬ ತಾಯಿ, ಎಮ್ಮೆ ಈದು ಏಳು ತಿಂಗಳಾದರೂ ಗಬ್ಬವಾಗಿಲ್ಲ ಎಂದು ತೋರಿಸಿದರು. ಪರೀಕ್ಷಿಸಿದಾಗ ಗರ್ಭಕೋಶದಲ್ಲಿ ದೋಷವಿರಲಿಲ್ಲ. "ನೀವು ಬೆದೆ ಸರಿಯಾಗಿ ನೋಡಿಲ್ಲ" ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಯಾವಾಗ ನೋಡ್ಲಿ, ನೀವ ಹೇಳ್ರಿ" ಎನ್ನುತ್ತ ತಮ್ಮ ದಿನದ ಕೆಲಸಗಳನ್ನು ಬೆರಳು ಮಡಚಿ ಎಣಿಸಿದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆಯುತ್ತಿರುವ ಉತ್ತರ.

ಕಾಯುವ ಕೆಲಸ, ಕಾಯದ ಕೆಲಸ

ಕೊಟ್ಟಿಗೆಯ ಎಲ್ಲ ಕೆಲಸವೂ ಒಂದೇ ತೂಕದ್ದಲ್ಲ. ಅಂಗಳ ಗುಡಿಸುವುದು, ಕುಳ್ಳು ತಟ್ಟುವುದು ಅರ್ಧ ದಿನ ಕಾಯುತ್ತವೆ. ಹಾಲು ಹಿಂಡುವುದು ಮತ್ತು ಬೆದೆ ಗುರುತಿಸುವುದು ಕಾಯುವುದಿಲ್ಲ. ಮೊದಲು ಈ ಎರಡಕ್ಕೆ ಹೊತ್ತು ಮೀಸಲಿಡಿ.

ಹಾಲು ಹಿಂಡುವಾಗ: ಕೆಚ್ಚಲು ತೊಳೆದು ಸವರಿದಾಗ ಹಾಲು ಇಳಿಸುವ ರಸದೂತ ರಕ್ತಕ್ಕೆ ಸೇರುತ್ತದೆ. ಅದರ ಪ್ರಭಾವ ಉಳಿಯುವುದು ಸುಮಾರು 5ರಿಂದ 7 ನಿಮಿಷ ಮಾತ್ರ. ಕೆಚ್ಚಲು ತೊಳೆದ ಮೇಲೆ ಪಾತ್ರೆ ಹುಡುಕಲು ಹೋದರೆ ಹಾಲು ಒಳಗೇ ಉಳಿಯುತ್ತದೆ. ಆದ್ದರಿಂದ ಪಾತ್ರೆ, ನೀರು, ಒಣ ಬಟ್ಟೆ, ಹಿಂಡಿ ಎಲ್ಲವನ್ನೂ ಹತ್ತಿರ ಇಟ್ಟುಕೊಂಡೇ ಕೂಡಿರಿ. ನಡುವೆ ಏಳಬೇಡಿ. ಹಾಲು ಹಿಂಡಿದ ಕೂಡಲೇ ಗೋದಲಿಗೆ ಮೇವು ಹಾಕಿ. ಆಗ ಮೊಲೆಯ ತೂತು ತೆರೆದಿರುತ್ತದೆ. ಮೇಯುತ್ತ ಅರ್ಧ ಗಂಟೆ ನಿಂತರೆ ಸೋಂಕು ಒಳಗೆ ಹೋಗುವುದು ಕಡಿಮೆ. ಕೆಚ್ಚಲು ಬಾವು ಬಂದರೆ ಎಷ್ಟು ದಿನ ಹಾಳಾಗುತ್ತವೆ ಎಂಬುದು ನಿಮಗೇ ಗೊತ್ತು.

ಬೆದೆ ನೋಡುವಾಗ: ಆಕಳು, ಎಮ್ಮೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತವೆ. ಬೆದೆ ಇರುವುದು ಒಂದು ದಿನದೊಳಗೆ. ಒಮ್ಮೆ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಮೇವು-ಹಿಂಡಿಗೆ ದಿನಕ್ಕೆ 100 ರೂಪಾಯಿ ಎಂದು ಹಿಡಿದರೂ 2,100 ರೂಪಾಯಿ ಹೋಯಿತು. ಮುಂದಿನ ಹಾಲೂ ಅಷ್ಟು ದಿನ ಹಿಂದೆ ಬಿತ್ತು. ಎಮ್ಮೆಯಂತೂ ಎಷ್ಟೋ ಸಲ ಕೂಗುವುದೇ ಇಲ್ಲ. ಬೇಸಿಗೆಯಲ್ಲಿ ಮೂಕ ಬೆದೆ ಹೆಚ್ಚು. ಲಕ್ಷಣ ಕಾಣುವುದು ರಾತ್ರಿ ಮತ್ತು ನಸುಕಿನಲ್ಲಿ.

ಹಾಗಾದರೆ ಹೊತ್ತು ಎಲ್ಲಿಂದ ತರುವುದು? ನಸುಕಿನಲ್ಲಿ ಕೊಟ್ಟಿಗೆಗೆ ಹೋದಾಗ ಸಗಣಿ ತೆಗೆಯುವ ಮೊದಲು ಹತ್ತು ನಿಮಿಷ ನೋಡಿ. ಬಾಲಕ್ಕೆ ಅಥವಾ ನೆಲಕ್ಕೆ ಗಾಜಿನಂಥ ಲೋಳೆ ಅಂಟಿದೆಯೇ? ಯೋನಿ ಊದಿದೆಯೇ? ಪದೇ ಪದೇ ಉಚ್ಚೆ ಹೊಯ್ಯುತ್ತಿದೆಯೇ? ಹಾಲು ಕಡಿಮೆಯಾಗಿದೆಯೇ? ರಾತ್ರಿ ಮಲಗುವ ಮುನ್ನ ಮತ್ತೊಮ್ಮೆ ನೋಡಿ. ಬೆದೆ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, 18ರಿಂದ 24ನೇ ದಿನದವರೆಗೆ ಗೆರೆ ಎಳೆಯಿರಿ. ಆ ಒಂದು ವಾರ ಹೆಚ್ಚು ಎಚ್ಚರ ಸಾಕು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಈದು ಮೂರು ತಿಂಗಳಾದರೂ ಬೆದೆ ಕಾಣದಿದ್ದರೆ ನಮ್ಮನ್ನು ಕರೆಯಿರಿ.

ಉಳಿಸಬಹುದಾದ ಹೊತ್ತು

ನೀರಿನ ತೊಟ್ಟಿ ಸದಾ ತುಂಬಿರಲಿ. ದನಗಳಿಗೆ ಬೇಕಾದಾಗ ಕುಡಿಯುತ್ತವೆ. ನೀವು ಬಕೆಟ್ ಹೊರುವುದು ತಪ್ಪುತ್ತದೆ, ಹಾಲೂ ಕಡಿಮೆಯಾಗುವುದಿಲ್ಲ. ಮನೆಗೆ ಹತ್ತಿರದ ಬದುವಿನಲ್ಲಿ ನೇಪಿಯರ್ ಹಚ್ಚಿದರೆ ಹೊರೆ ಹೊತ್ತು ದೂರ ನಡೆಯುವುದು ಕಡಿಮೆ. ಮೇವನ್ನು ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಉಳಿಯುವ ಕಸವೂ ಕಡಿಮೆ. ಕಬ್ಬಿನ ಹಂಗಾಮಿನಲ್ಲಿ ವಾಡಿ ಸುಲಭವಾಗಿ ಸಿಗುತ್ತದೆ ಎಂದು ಅದೊಂದನ್ನೇ ಹಾಕಬೇಡಿ. ಅದರಲ್ಲಿರುವ ಆಕ್ಸಲೇಟ್ ಮೇವಿನ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಜೊತೆಗೆ ಕಣಿಕೆ, ಹಸಿಮೇವು, ದಿನವೂ ಖನಿಜ ಮಿಶ್ರಣ ಕೊಡಿ.

ಇನ್ನೊಂದು ಮಾತು ಮನೆಯ ಗಂಡಸರಿಗೂ ಓದಿ ಹೇಳಿ: ಸಗಣಿ ತೆಗೆಯಲು, ಡೇರಿಗೆ ಹಾಲು ಒಯ್ಯಲು ಹೆಣ್ಣೇ ಆಗಬೇಕೆಂದಿಲ್ಲ. ಹಾಲಿನ ಬಿಲ್ಲಿನಲ್ಲಿ ಎಲ್ಲರ ಪಾಲಿದೆ, ಕೆಲಸದಲ್ಲೂ ಇರಲಿ.

ಮನಸ್ಸು ಸೋತಾಗ

ಫ್ಯಾಟ್ ಇಳಿದಾಗ, ಕರು ಸತ್ತಾಗ "ಸಾಕಪ್ಪ ಈ ದನ" ಎನಿಸುವುದು ಸಹಜ. ಆಗ ಬೇರೆಯವರ ಉಪದೇಶಕ್ಕಿಂತ ನಿಮ್ಮದೇ ಲೆಕ್ಕ ಹೆಚ್ಚು ಧೈರ್ಯ ಕೊಡುತ್ತದೆ. ಒಂದು ನೋಟಬುಕ್ ಇಡಿ. ಬೆಳಗಿನ ಲೀಟರು, ಸಂಜೆಯ ಲೀಟರು, ಫ್ಯಾಟ್, ಬಿಲ್ಲು, ಹಿಂಡಿಯ ಖರ್ಚು ಇಷ್ಟು ಬರೆದರೆ ಸಾಕು. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿಗೆ ಹೇಳಿ. ಎಲ್ಲಿ ಸೋತೆವು, ಎಲ್ಲಿ ಗೆದ್ದೆವು ಎಂಬುದು ತಿಂಗಳಿಗೆ ಕಣ್ಣಿಗೆ ಕಾಣುತ್ತದೆ. ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ದುಡಿಮೆ ತನ್ನದು ಎಂದು ಕಂಡಾಗ ನಸುಕಿನಲ್ಲಿ ಏಳುವ ಕಾಲಿಗೆ ಬಲ ಬರುತ್ತದೆ. ನೆರೆಮನೆಯ ಅಕ್ಕನ ಜೊತೆ ಸರದಿ ಹಾಕಿಕೊಂಡು, ಒಂದು ದಿನ ನೀವು ಎರಡೂ ಮನೆಯ ಹಾಲು ಒಯ್ದರೆ, ಮರುದಿನ ಅವರು ಒಯ್ಯಲಿ.

ಆ ಮೂಡಲಗಿಯ ತಾಯಿ ಕೊಟ್ಟಿಗೆಯ ಬಾಗಿಲಿಗೆ ಕ್ಯಾಲೆಂಡರ್ ತೂಗು ಹಾಕಿದರು. ಬೆಳಿಗ್ಗೆ ಸಗಣಿ ತೆಗೆಯುವ ಕೆಲಸವನ್ನು ಮಗ ವಹಿಸಿಕೊಂಡ. ಎರಡನೇ ಗೆರೆಯಲ್ಲಿ ಬೆದೆ ಸಿಕ್ಕಿತು. ಮೂರು ತಿಂಗಳ ಮೇಲೆ ಪರೀಕ್ಷಿಸಿದಾಗ ಎಮ್ಮೆ ಗಬ್ಬವಾಗಿತ್ತು. ಆಕೆ ಮೊದಲಿಗಿಂತ ಹೆಚ್ಚೇನೂ ದುಡಿದಿರಲಿಲ್ಲ.

ನಾಳೆ ನಸುಕಿನಲ್ಲಿ ಬುಟ್ಟಿ ಹಿಡಿಯುವ ಮುನ್ನ ಹತ್ತು ನಿಮಿಷ ನಿಂತು ನೋಡಿ.