ಬೆಟ್ಟ ಹತ್ತುವ ಮುನ್ನ

ವಾರವೆಲ್ಲ ಕಟ್ಟಡಗಳ ನಡುವೆಯೇ ಕಾಲ ಕಳೆಯುವ ನಗರವಾಸಿಗಳನ್ನು ಶನಿವಾರ ಭಾನುವಾರಗಳಂದು ಬೆಟ್ಟಗುಡ್ಡಗಳು ಕರೆಯುವುದು ಸಹಜವೇ ಆಗಿದೆ. ನಮ್ಮ ವೇಲಚೇರಿಯಾದರೋ ಸಮತಟ್ಟಾದ ನೆಲ. ದಕ್ಷಿಣಕ್ಕೆ ಪಳ್ಳಿಕರಣೆಯ ಜೌಗುಭೂಮಿ; ಎತ್ತರವೆಂಬುದನ್ನು ಕಾಣಬೇಕಾದರೆ ಪಶ್ಚಿಮಕ್ಕಿರುವ, ಸುಮಾರು 300 ಅಡಿ ಎತ್ತರದ ಪರಂಗಿಮಲೆಯೇ ಗತಿ. ಆದುದರಿಂದಲೇ ಇಲ್ಲಿಯ ಕುಟುಂಬಗಳೂ ಗೆಳೆಯರ ಗುಂಪುಗಳೂ ಬಿಡುವು ದೊರೆತೊಡನೆ ಏಲಗಿರಿ, ಜವ್ವಾದಿ ಮೊದಲಾದ ಬೆಟ್ಟಗಳತ್ತ ಹೊರಡುವುದುಂಟು. ಇದು ದೇಹಕ್ಕೂ ಮನಸ್ಸಿಗೂ ಹಿತವಾದ ಹವ್ಯಾಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಕ್ಯಾಲೆಂಡರಿನಲ್ಲಿ ಭಾನುವಾರಗಳೆಲ್ಲ ಒಂದೇ. ಬೆಟ್ಟದ ಪಂಚಾಂಗದಲ್ಲಿ ಹಾಗಲ್ಲ.

ತಮಿಳುನಾಡಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದ ಮಳೆಗಾಲ. ಆಗ ಹೊಳೆಗಳು ತುಂಬಿರುತ್ತವೆ, ಬಂಡೆಗಳು ಜಾರುತ್ತವೆ. ಮಳೆ ನಿಂತ ಮೇಲೆ ಕೆಲವು ವಾರ ಕಾಡು ಹಸುರಾಗಿಯೂ ತಂಪಾಗಿಯೂ ಇರುತ್ತದೆ. ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗತೊಡಗುತ್ತದೆ. ಮಾರ್ಚಿನಲ್ಲಿ ಆಳೆತ್ತರದ ಹುಲ್ಲೂ ತರಗೆಲೆಗಳೂ ಒಂದು ಕಿಡಿಗೆ ಕಾದಿರುತ್ತವೆ.

ತೇನಿ ಜಿಲ್ಲೆಯಲ್ಲಿ ಪಶ್ಚಿಮಘಟ್ಟದ ಅಡಿಯಲ್ಲಿ ಕುರಂಗಣಿ ಎಂಬ ಹಳ್ಳಿಯಿದೆ. 2018ನೆಯ ಇಸವಿ ಮಾರ್ಚ್ 11, ಭಾನುವಾರ. ಚೆನ್ನೈಯಿಂದ ಹೋಗಿದ್ದ ಒಂದು ತಂಡವೂ ಈರೋಡು, ತಿರುಪ್ಪೂರುಗಳ ಕಡೆಯ ಇನ್ನೊಂದು ತಂಡವೂ ಕೊಳುಕ್ಕುಮಲೆಯ ಕಡೆಯಿಂದ ಇಳಿದು ಬರುತ್ತಿದ್ದಾಗ ಕಾಳ್ಗಿಚ್ಚಿಗೆ ಸಿಕ್ಕಿದುವು. ಸುತ್ತಣ ಹಳ್ಳಿಗರು ಓಡಿಬಂದು ಗಾಯಾಳುಗಳನ್ನು ಹೊತ್ತು ತಂದರು. ವಾಯುಪಡೆಯ ಹೆಲಿಕಾಪ್ಟರುಗಳೂ ನೆರವಿಗೆ ಬಂದುವು. ಆದರೂ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಮಂದಿ ತರುಣ ತರುಣಿಯರು. ನಮ್ಮ ನೆರೆಹೊರೆಯವರಂತೆಯೇ ವಾರವೆಲ್ಲ ದುಡಿದು ಎರಡು ದಿನದ ಸಂತೋಷವನ್ನು ಬಯಸಿ ಹೋಗಿದ್ದವರು.

ಇಳಿಜಾರಿನಲ್ಲಿ ಬೆಂಕಿ ಏಕೆ ಅಷ್ಟು ಭಯಂಕರ? ಬೆಂಕಿಕಡ್ಡಿಯೊಂದನ್ನು ಹಚ್ಚಿ ತಲೆಕೆಳಗಾಗಿ ಹಿಡಿದರೆ ಜ್ವಾಲೆ ಬೇಗಬೇಗನೆ ಬೆರಳಿನತ್ತ ಏರುತ್ತದೆ. ಬಿಸಿಗಾಳಿ ಹಗುರವಾದುದರಿಂದ ಮೇಲಕ್ಕೆ ಹೋಗಿ, ಇನ್ನೂ ಉರಿಯದ ಭಾಗವನ್ನು ಮೊದಲೇ ಕಾಯಿಸಿಬಿಡುತ್ತದೆ. ಬೆಟ್ಟದ ಓರೆಯಲ್ಲಿಯೂ ಹೀಗೆಯೇ. ಕೆಳಗಿನ ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ ಅದನ್ನು ಸಿದ್ಧಪಡಿಸುತ್ತದೆ. ಓರೆ 10 ಡಿಗ್ರಿ ಹೆಚ್ಚಿದಷ್ಟಕ್ಕೂ ಬೆಂಕಿಯ ವೇಗ ಸುಮಾರಾಗಿ ಇಮ್ಮಡಿಸುತ್ತದೆಂದು ತಜ್ಞರ ಲೆಕ್ಕ. ಮನುಷ್ಯನಾದರೋ ಏರುದಾರಿಯಲ್ಲಿ ನಿಧಾನವಾಗುತ್ತಾನೆ. ಆದುದರಿಂದ ಕೆಳಗಡೆ ಬೆಂಕಿ ಕಂಡಾಗ ಮೇಲಕ್ಕೆ ಓಡಬಾರದು. ಎತ್ತರದ ಹುಲ್ಲಿನಲ್ಲಿ ಅಡಗಬಾರದು. ಅಡ್ಡಲಾಗಿ ಸರಿದು, ಬರಿಯ ಬಂಡೆಯನ್ನೋ ಈಗಾಗಲೇ ಸುಟ್ಟು ತಣ್ಣಗಾದ ನೆಲವನ್ನೋ ಸೇರಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ; ಹತ್ತಿಯ ಬಟ್ಟೆ ಕರಗುವುದಿಲ್ಲ.

ಈ ದುರಂತದ ಬಳಿಕ 2018ರಲ್ಲಿಯೇ ತಮಿಳುನಾಡು ಸರಕಾರವು ಅರಣ್ಯಚಾರಣಕ್ಕೆ ನಿಯಮಗಳನ್ನು ರಚಿಸಿತು. 2024ರ ಅಕ್ಟೋಬರಿನಲ್ಲಿ 'ಟ್ರೆಕ್ ತಮಿಳುನಾಡು' ಎಂಬ ಯೋಜನೆಯಲ್ಲಿ 40 ದಾರಿಗಳನ್ನು ಗೊತ್ತುಮಾಡಿ, ಸ್ಥಳೀಯರಾದ ಮಾರ್ಗದರ್ಶಿಗಳನ್ನು ತರಬೇತಿಗೊಳಿಸಿ ನೇಮಿಸಿತು. ಬೇಸಗೆಯಲ್ಲಿ ಬೆಂಕಿಯ ಭಯವಿರುವಾಗ ಈ ದಾರಿಗಳನ್ನು ಮುಚ್ಚುತ್ತಾರೆ. ಅನುಮತಿಯ ಚೀಟಿಯನ್ನು ಕೆಲವರು ತೊಡಕೆಂದು ಎಣಿಸುವುದುಂಟು. ಆದರೆ ಯಾರು ಯಾವ ದಾರಿಯಲ್ಲಿ ಹೋಗಿದ್ದಾರೆಂಬುದು ಅರಣ್ಯ ಇಲಾಖೆಗೆ ತಿಳಿದಿದ್ದರೆ ಮಾತ್ರ ಆಪತ್ತಿನಲ್ಲಿ ಹುಡುಕಿ ಬರಲು ಸಾಧ್ಯ.

ಇನ್ನು ಸಿದ್ಧತೆಯ ಮಾತು. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸುಲಭ ಸೂತ್ರವನ್ನು ಕೊಟ್ಟನು. ಅದರಂತೆ ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ. 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಇದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಅಜ್ಜಿಯೂ ಪುಟ್ಟ ತಮ್ಮನೂ ಜೊತೆಗಿದ್ದರೆ ಇಮ್ಮಡಿ ಕಾಲವನ್ನಿಟ್ಟುಕೊಂಡು, ಬೆಳಕಿರುವಾಗಲೇ ಇಳಿಯುವಂತೆ ಹೊರಡಬೇಕು. ಗಂಟೆಗೆ ಅರ್ಧ ಲೀಟರಿನಂತೆ ಆರು ಗಂಟೆಗೆ ಒಬ್ಬೊಬ್ಬರಿಗೂ 3 ಲೀಟರ್ ನೀರು ಬೇಕು. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುವುದರಿಂದ ವೇಲಚೇರಿಯ ಸೆಕೆಯಲ್ಲಿ ಬೇಡವೆನಿಸಿದ ಸ್ವೆಟರು ಏಲಗಿರಿಯ ರಾತ್ರಿಯಲ್ಲಿ ಬೇಕಾಗುತ್ತದೆ.

ಅನುಮತಿಯಿರುವ ಸ್ಥಳದಲ್ಲಿ ಡೇರೆ ಹೂಡುವುದಾದರೆ ಒಣಗಿದ ಹಳ್ಳದ ಪಾತ್ರವನ್ನು ಆರಿಸಬಾರದು. ನಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ದೂರದ ಶಿಖರದಲ್ಲಿ ಸುರಿದ ಮಳೆ ಕ್ಷಣದಲ್ಲಿ ಪ್ರವಾಹವಾಗಿ ಬಂದೀತು. ಒಣಹುಲ್ಲಿನ ಬಳಿ ಒಲೆ ಹೂಡಲೇಬಾರದು. ಬುತ್ತಿ ಕಟ್ಟಿಕೊಂಡು ಹೋಗುವುದೇ ಮೇಲು.

ಬಾಲಕ ಬಾಲಕಿಯರೇ, ಮೊದಲು ಪರಂಗಿಮಲೆಯ ಮೆಟ್ಟಿಲುಗಳನ್ನು ಹತ್ತಿ ಕಾಲನ್ನು ಪಳಗಿಸಿರಿ. ಆಮೇಲೆ ಮನೆಯವರೊಡನೆ ದೊಡ್ಡ ಬೆಟ್ಟಗಳಿಗೆ ಹೋಗುವಿರಂತೆ. ಹೊರಡುವ ಮುನ್ನ ಇದು ಯಾವ ತಿಂಗಳು, ದಾರಿ ಬಲ್ಲವರು ಯಾರು, ಅನುಮತಿ ಉಂಟೇ ಎಂಬ ಮೂರು ಪ್ರಶ್ನೆಗಳನ್ನು ಹಿರಿಯರಲ್ಲಿ ಕೇಳಿರಿ. ಮೂರರಲ್ಲೊಂದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಪ್ರಯಾಣವನ್ನು ಮುಂದಕ್ಕೆ ಹಾಕುವುದರಲ್ಲಿ ಅವಮಾನವೇನೂ ಇಲ್ಲ. ಬೆಟ್ಟವು ಮುಂದಿನ ಭಾನುವಾರವೂ ಅಲ್ಲಿಯೇ ಇರುತ್ತದೆ.